ಮಳೆ ಎಷ್ಟು, ಹೊಳೆ ಎಷ್ಟು? ಅಳತೆ, ಏಕಮಾನ ಮತ್ತು ಅನಿಶ್ಚಿತತೆಯನ್ನು ಕುರಿತು ಒಂದು ಉಪನ್ಯಾಸ



ಪುನರ್ವಸು ಮಳೆ ಹಿಡಿದ ದಿನಗಳಲ್ಲಿ ಮಲೆನಾಡಿನ ಯಾವ ಊರಿನ ಅಂಗಡಿ ಜಗುಲಿಗೆ ಹೋದರೂ ಬೆಳಗಿನ ಮೊದಲ ಪ್ರಶ್ನೆ ಒಂದೇ: "ನಿನ್ನೆ ನಿಮ್ಮಲ್ಲಿ ಮಳೆ ಎಷ್ಟು?" ಒಬ್ಬರು "ಬಹಳ" ಎನ್ನುತ್ತಾರೆ. ಕಾಫಿ ತೋಟದವರು "ನಾಲ್ಕು ಇಂಚು ಮೂವತ್ತು ಸೆಂಟು" ಎನ್ನುತ್ತಾರೆ. ಶಾಲೆಯ ಮೇಷ್ಟ್ರು "ನೂರಾ ಒಂಬತ್ತು" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಕೊನೆಯ ಇಬ್ಬರೂ ಹೇಳಿದ್ದು ಒಂದೇ ಮಳೆಯನ್ನು. ಒಂದು ಇಂಚೆಂದರೆ 25.4 ಮಿಲಿಮೀಟರ್, 4.30 ಇಂಚೆಂದರೆ 109 ಮಿ.ಮೀ. ಆದರೆ ಮೇಷ್ಟ್ರ ಮಾತಿನಲ್ಲಿ ಏಕಮಾನವಿಲ್ಲ. ಕೇಳಿದವರು ಅದನ್ನು ಮಿಲಿಮೀಟರೆಂದು ಊಹಿಸಿಕೊಳ್ಳಬೇಕು. ಭೌತವಿಜ್ಞಾನದ ದೃಷ್ಟಿಯಲ್ಲಿ "ಬಹಳ" ಎಂಬ ಉತ್ತರಕ್ಕೂ "ನೂರಾ ಒಂಬತ್ತು" ಎಂಬ ಉತ್ತರಕ್ಕೂ ಬೆಲೆಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಅಳೆಯುವುದೆಂದರೆ ಹೋಲಿಸುವುದು. ತಿಳಿಯಬೇಕಾದ ಪರಿಮಾಣವನ್ನು ಎಲ್ಲರೂ ಒಪ್ಪಿದ ಇನ್ನೊಂದು ಪರಿಮಾಣದೊಡನೆ ಹೋಲಿಸಿ, ಅದು ಇದರ ಎಷ್ಟು ಪಟ್ಟು ಎಂದು ಹೇಳುವುದು. ಆ ಒಪ್ಪಿದ ಪರಿಮಾಣವೇ ಏಕಮಾನ. ಗೇಣು, ಮೊಳ, ಮಾರುಗಳೂ ಏಕಮಾನಗಳೇ. ಸೇರು, ಕೊಳಗ, ಖಂಡುಗಗಳೂ ಹೌದು. ತೊಂದರೆ ಇದ್ದದ್ದು ಒಪ್ಪಿಗೆಯಲ್ಲಿ. ಮೊಳ ಆಳಿನಿಂದ ಆಳಿಗೆ ಬದಲಾಗುತ್ತಿತ್ತು, ಸೇರು ಸೀಮೆಯಿಂದ ಸೀಮೆಗೆ. ಕೊಡುವಾಗ ಒಂದು ಸೇರು, ಕೊಳ್ಳುವಾಗ ಮತ್ತೊಂದು ಸೇರು ಇಟ್ಟುಕೊಂಡ ಸಾಹುಕಾರರ ಕಥೆ ಹಳೆಯ ತಲೆಮಾರಿನವರಿಗೆ ಹೊಸದಲ್ಲ. 1956ರ ಕಾಯಿದೆಯ ಮೂಲಕ ಭಾರತವು ಮೆಟ್ರಿಕ್ ಪದ್ಧತಿಗೆ ಬಂದಾಗ ಬಡವರ ಮಟ್ಟಿಗೆ ಆದ ದೊಡ್ಡ ಉಪಕಾರ ಲೆಕ್ಕದ ಸುಲಭತೆಯಲ್ಲ. ತೂಕದ ಬಟ್ಟಿನ ಮೇಲೆ ಬಿದ್ದ ಸರ್ಕಾರದ ಮುದ್ರೆ.

ಏಕಮಾನದ ಹೆಸರು ಹೇಳಿದ ಮಾತ್ರಕ್ಕೆ ಎಲ್ಲ ಮುಗಿಯುವುದೂ ಇಲ್ಲ. ತೋಟದವರ "ಸೆಂಟು" ಎಂಬ ಮಾತನ್ನೇ ನೋಡಬಹುದು. ಮಳೆಯ ಲೆಕ್ಕದಲ್ಲಿ ಅದು ಇಂಚಿನ ನೂರನೆಯ ಒಂದು ಭಾಗ. ಜಮೀನಿನ ಲೆಕ್ಕದಲ್ಲಿ ಅದೇ ಸೆಂಟು ಎಕರೆಯ ನೂರನೆಯ ಒಂದು ಭಾಗ. ಒಂದು ಉದ್ದ, ಇನ್ನೊಂದು ವಿಸ್ತೀರ್ಣ. ಎರಡಕ್ಕೂ ಹೆಸರು ಒಂದೇ. ಸಂದರ್ಭ ಗೊತ್ತಿದ್ದವರಿಗೆ ಗೊಂದಲವಿಲ್ಲ. ಐವತ್ತು ವರ್ಷದ ಅನಂತರ ಹಳೆಯ ಡೈರಿಯನ್ನು ತೆರೆದು ಓದುವ ಮೊಮ್ಮಗನಿಗೆ ಇರುತ್ತದೆ.

ಮಳೆಯನ್ನು ಉದ್ದದ ಏಕಮಾನದಲ್ಲಿ ಹೇಳುವುದೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ನೀರನ್ನು ಲೀಟರಿನಲ್ಲಿ ಅಳೆಯಬೇಕಲ್ಲವೇ? ಬಿದ್ದ ನೀರು ಹರಿಯದೆ, ಇಂಗದೆ, ಆರದೆ ನೆಲದ ಮೇಲೆ ಹಾಗೆಯೇ ನಿಂತಿದ್ದರೆ ಎಷ್ಟು ಆಳ ಇರುತ್ತಿತ್ತು ಎಂಬುದೇ ಮಳೆಯ ಅಳತೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಮೆಟ್ರಿಕ್ ಪದ್ಧತಿಯ ಸೊಗಸು ಇದರಲ್ಲಿದೆ. ಒಂದು ಗುಂಟೆಗೆ ಒಂದು ಮಿಲಿಮೀಟರ್ ಮಳೆ ಎಂದರೆ ಸುಮಾರು 101 ಲೀಟರ್. ಒಂದು ಎಕರೆಗೆ ಒಂದು ಇಂಚು ಮಳೆ ಎಂದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು. ಆಳದ ಲೆಕ್ಕದ ಅನುಕೂಲವೆಂದರೆ, ಪಾತ್ರೆ ಚಿಕ್ಕದಿರಲಿ ದೊಡ್ಡದಿರಲಿ, ಗೋಡೆ ನೆಟ್ಟಗಿದ್ದರೆ ಒಳಗೆ ನಿಲ್ಲುವ ನೀರಿನ ಆಳ ಒಂದೇ.

ಹವಾಮಾನ ಇಲಾಖೆಯ ಸಾಮಾನ್ಯ ಮಳೆಮಾಪಕದ ಬಾಯಿಯ ವಿಸ್ತೀರ್ಣ 200 ಚದರ ಸೆಂಟಿಮೀಟರ್. 100 ಚದರ ಸೆಂಟಿಮೀಟರಿನವೂ ಇವೆ. ಮೊದಲನೆಯದರಲ್ಲಿ ಒಂದು ಮಿ.ಮೀ. ಮಳೆಗೆ 20 ಮಿಲಿಲೀಟರ್ ನೀರು ಸಂಗ್ರಹವಾಗುತ್ತದೆ, ಎರಡನೆಯದರಲ್ಲಿ ಹತ್ತು. ಎರಡಕ್ಕೂ ಬೇರೆ ಬೇರೆ ಅಳತೆಗಾಜು. ಒಡೆದ ಗಾಜಿನ ಬದಲು ಇನ್ನೊಂದನ್ನು ತಂದಿಟ್ಟವರು ಇದನ್ನು ಗಮನಿಸದಿದ್ದರೆ ಆ ಊರಿನ ಮಳೆ ಅಂದಿನಿಂದ ಅರ್ಧಕ್ಕಿಳಿಯುತ್ತದೆ, ಇಲ್ಲವೇ ಎರಡು ಪಟ್ಟಾಗುತ್ತದೆ. ಅಂಥ ದಾಖಲೆಯನ್ನು ಮುಂದೆ ನೋಡಿದವರು ಹವಾಮಾನ ಬದಲಾವಣೆ ಎಂದು ಪ್ರಬಂಧ ಬರೆದರೂ ಆಶ್ಚರ್ಯವಿಲ್ಲ.

ಇಲ್ಲಿಂದ ಮಾತು ದೋಷದ ಕಡೆಗೆ ಹೊರಳುತ್ತದೆ. ವಿಜ್ಞಾನದಲ್ಲಿ ದೋಷವೆಂದರೆ ತಪ್ಪಿತಸ್ಥರ ತಪ್ಪಲ್ಲ. ಎಷ್ಟೇ ಎಚ್ಚರದಿಂದ ಅಳೆದರೂ ಉಳಿದೇ ಉಳಿಯುವ ಅಂತರ ಅದು. ಅದರಲ್ಲಿ ಎರಡು ಬಗೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗುತ್ತ ಎರಡೂ ಕಡೆಗೆ ಓಲಾಡುವುದು ಯಾದೃಚ್ಛಿಕ ದೋಷ. ಯಾವಾಗಲೂ ಒಂದೇ ಕಡೆಗೆ ಎಳೆಯುವುದು ವ್ಯವಸ್ಥಿತ ದೋಷ. ಮೊದಲನೆಯದು ಹಲವು ಸಲ ಅಳೆದು ಸರಾಸರಿ ತೆಗೆದರೆ ತಗ್ಗುತ್ತದೆ. ಎರಡನೆಯದು ಸಾವಿರ ಸಲ ಅಳೆದರೂ ಕದಲುವುದಿಲ್ಲ. ತಪ್ಪು ಅಳತೆಗಾಜು ಎರಡನೆಯ ಜಾತಿಯದು. ಗಾಳಿಯೂ ಅದೇ ಜಾತಿಯದು: ಮಾಪಕದ ಅಂಚಿಗೆ ಬಡಿದ ಗಾಳಿ ಮೇಲಕ್ಕೇಳುವಾಗ ಹನಿಗಳನ್ನೂ ತನ್ನೊಡನೆ ಒಯ್ಯುತ್ತದೆ. ಗುಡ್ಡದ ನೆತ್ತಿಯಲ್ಲಿಟ್ಟ ಮಾಪಕ ಯಾವಾಗಲೂ ಕಡಿಮೆಯನ್ನೇ ತೋರಿಸುವುದು ಈ ಕಾರಣದಿಂದ. ಹಾಗೆಂದು ಅಡಿಕೆ ಮರಗಳ ನಡುವೆ ಇಟ್ಟರೆ ಎಲೆಗಳು ಮಳೆಯನ್ನು ತಡೆಯುತ್ತವೆ. ಮರವಾಗಲಿ ಮನೆಯಾಗಲಿ, ಅದರ ಎತ್ತರದ ಎರಡು ಪಟ್ಟಾದರೂ ದೂರದಲ್ಲಿ ಮಾಪಕವಿರಬೇಕೆಂಬುದು ನಿಯಮ. ಹದಿನೈದು ಮೀಟರಿನ ಅಡಿಕೆ ಮರಕ್ಕೆ ಮೂವತ್ತು ಮೀಟರ್. ಮಲೆನಾಡಿನಲ್ಲಿ ಅಷ್ಟು ಬಯಲು ಸಿಗುವುದು ಹೆಚ್ಚಾಗಿ ಶಾಲೆಯ ಮೈದಾನದಲ್ಲಿ ಮಾತ್ರ.

ಶೇಕಡಾ ಐದರ ದೋಷ ಸಣ್ಣದೆಂದು ಕಾಣಬಹುದು. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆಯಂಥ ಕಡೆ ಅದು 350 ಮಿ.ಮೀ. ಬಯಲುಸೀಮೆಯ ಒಂದು ಬರದ ವರ್ಷದ ಇಡೀ ಮಳೆ ಆ ದೋಷದೊಳಗೆ ಅಡಗಿಬಿಡುತ್ತದೆ.

ವ್ಯವಸ್ಥಿತ ದೋಷವನ್ನು ಹೇಗೆ ಹಿಡಿಯಬೇಕೆಂಬುದಕ್ಕೆ ಕರ್ನಾಟಕದ ನೆಲದಲ್ಲಿಯೇ ನಡೆದ ಒಂದು ದೊಡ್ಡ ಉದಾಹರಣೆಯಿದೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಳಿ ಏಳು ಮೈಲಿಗೂ ಹೆಚ್ಚು ಉದ್ದದ ಒಂದು ಸರಳರೇಖೆಯನ್ನು ಅಳೆದನು. ಮುಂದೆ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಎಂದು ಹೆಸರಾದ ಕಾರ್ಯಕ್ಕೆ ಅದೇ ಪೂರ್ವಸಿದ್ಧತೆ. ಅಳೆದದ್ದು ನೂರು ಅಡಿಯ ಉಕ್ಕಿನ ಸರಪಳಿಯಿಂದ. ಆದರೆ ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ತಾಪ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನೂರು ಅಡಿಯ ಸರಪಳಿ ಹಿಗ್ಗುವುದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಮಾತ್ರ, ಕಣ್ಣಿಗೆ ಕಾಣದಷ್ಟು. ಆದರೂ ಪ್ರತಿ ಸರಪಳಿಗೂ ಒಂದೇ ಕಡೆಗೆ ಎಳೆಯುವ ಈ ದೋಷ ಏಳು ಮೈಲಿಯಲ್ಲಿ ಕೂಡುತ್ತ ಹೋಗಿ ಅರ್ಧ ಗೇಣಿಗಿಂತ ಹೆಚ್ಚಾಗುತ್ತದೆ. ಅದಕ್ಕಾಗಿ ಸರಪಳಿಯನ್ನು ಮರದ ದೋಣಿಗಳಲ್ಲಿ ಮಲಗಿಸಿ, ಬಿಸಿಲು ತಾಗದಂತೆ ಮರೆಮಾಡಿ, ಉದ್ದಕ್ಕೂ ತಾಪಮಾಪಕಗಳನ್ನಿಟ್ಟು, ಪ್ರತಿ ಸಲವೂ ತಾಪವನ್ನು ಬರೆದುಕೊಂಡು ಉದ್ದವನ್ನು ತಿದ್ದಲಾಯಿತು. ಅಳೆದದ್ದು ಉದ್ದವನ್ನು, ಆದರೆ ಪುಸ್ತಕದಲ್ಲಿ ತುಂಬಿದ್ದು ತಾಪದ ಅಂಕಿಗಳು! ಅನಂತರ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದು ಅಡಿರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತ ಬೆಂಗಳೂರಿಗೆ ಬಂದು, 1804ರಲ್ಲಿ ಇಲ್ಲಿ ಮತ್ತೊಮ್ಮೆ ನೆಲದ ಮೇಲೆ ಅಳೆದು ನೋಡಿದರು. ಲೆಕ್ಕದಿಂದ ಬಂದ ಉದ್ದಕ್ಕೂ ಸರಪಳಿಯಿಂದ ಬಂದ ಉದ್ದಕ್ಕೂ ಕೆಲವೇ ಅಂಗುಲಗಳ ಅಂತರವಿತ್ತು. ಆ ಅಂತರವನ್ನು ಮುಚ್ಚಿಡದೆ ಪ್ರಕಟಿಸಿದ್ದರಿಂದಲೇ ಲೋಕ ಆ ಸರ್ವೆಯನ್ನು ನಂಬಿತು. ವಸಾಹತುಶಾಹಿಗೆ ನೆಲದ ನಕ್ಷೆ ಏಕೆ ಬೇಕಾಗಿತ್ತೆಂಬುದು ಬೇರೆಯ ಮಾತು, ಇನ್ನೊಂದು ಸಭೆಗೆ ತಕ್ಕ ಮಾತು.

ಮುಚ್ಚಿಟ್ಟವನ ಕಥೆಯೂ ಇದೆ. ಮೀಟರಿನ ಜನ್ಮದ ಕಾಲದಲ್ಲಿ ಭೂಮಿಯ ಉತ್ತರಧ್ರುವದಿಂದ ಸಮಭಾಜಕಕ್ಕಿರುವ ದೂರದ ಕೋಟಿಯ ಒಂದು ಭಾಗವೇ ಮೀಟರೆಂದು ಫ್ರಾನ್ಸ್ ನಿರ್ಧರಿಸಿತು. ಡೆಲಾಂಬ್ರ ಮತ್ತು ಮೆಶೇನ್ ಎಂಬ ಇಬ್ಬರು ಖಗೋಳಜ್ಞರು 1792ರಿಂದ ಏಳು ವರ್ಷ ಡಂಕರ್ಕಿನಿಂದ ಬಾರ್ಸಿಲೋನಾವರೆಗೆ ಅಳೆದರು. ಬಾರ್ಸಿಲೋನಾದಲ್ಲಿ ಎರಡು ಸ್ಥಳಗಳಿಂದ ಮೆಶೇನ್ ತೆಗೆದ ಅಕ್ಷಾಂಶಗಳು ಮೂರು ಸೆಕೆಂಡು ಕೋನದಷ್ಟು ಹೊಂದಲಿಲ್ಲ. ಅವನು ಅದನ್ನು ಯಾರಿಗೂ ತಿಳಿಸದೆ, ಒಳಗೊಳಗೇ ಬೆಂದು, 1804ರಲ್ಲಿ ತೀರಿಕೊಂಡನು. ಅವನ ಕಾಗದಗಳನ್ನು ನೋಡಿದಾಗಲೇ ಡೆಲಾಂಬ್ರನಿಗೆ ವಿಷಯ ತಿಳಿದದ್ದು. ಉಪಕರಣದ ನಿಷ್ಕೃಷ್ಟತೆ ಬೇರೆ, ಫಲಿತಾಂಶದ ನಿಖರತೆ ಬೇರೆ ಎಂಬ ಭೇದ ಆ ಕಾಲಕ್ಕೆ ಇನ್ನೂ ಸ್ಪಷ್ಟವಾಗಿರಲಿಲ್ಲ. ಒಳ್ಳೆಯ ಉಪಕರಣದಿಂದ ಬಂದ ಹೊಂದದ ಅಂಕಿಯನ್ನು ಅವನು ತನ್ನ ವೈಯಕ್ತಿಕ ಪಾಪವೆಂದು ಭಾವಿಸಿದನು. ಇಂದು ಅದೇ ಮೂರು ಸೆಕೆಂಡುಗಳನ್ನು ಅನಿಶ್ಚಿತತೆ ಎಂದು ಫಲಿತಾಂಶದ ಪಕ್ಕದಲ್ಲಿ ಬರೆದು ಮುಂದುವರಿಯಬಹುದಾಗಿತ್ತು. ಮೀಟರ್ ಕೊನೆಗೆ ಉದ್ದೇಶಿಸಿದ್ದಕ್ಕಿಂತ ಸುಮಾರು 0.2 ಮಿ.ಮೀ. ಗಿಡ್ಡವಾಯಿತು. 1983ರಿಂದ ಅದು ಭೂಮಿಯನ್ನು ಬಿಟ್ಟು ಬೆಳಕಿನ ವೇಗವನ್ನು ಆಶ್ರಯಿಸಿದೆ. ಕಿಲೋಗ್ರಾಮ್ ಕೂಡ 2019ರ ಮೇ 20ರಂದು ಪ್ಯಾರಿಸ್ ಸಮೀಪದ ಲೋಹದ ಗುಂಡನ್ನು ಬಿಟ್ಟು ಪ್ಲಾಂಕ್ ಸ್ಥಿರಾಂಕಕ್ಕೆ ಕಟ್ಟಿಕೊಂಡಿತು.

ಈಗ ಅಬ್ಬಿ ನೀರಿನ ದಂಬೆಯ ಬಳಿಗೆ ಬರೋಣ. ಬೇಸಿಗೆಯಲ್ಲಿ ಒರತೆ ಸೊರಗುತ್ತಿದೆ ಎಂದು ಊರಿನ ಎಲ್ಲರಿಗೂ ಅನ್ನಿಸುತ್ತದೆ. ಅನ್ನಿಸಿದ್ದನ್ನು ಅಧಿಕಾರಿಗಳ ಮುಂದೆ ಹೇಳಿದರೆ "ಆಧಾರವೇನು?" ಎಂಬ ಪ್ರಶ್ನೆ ಬರುತ್ತದೆ. ಆಧಾರ ಒದಗಿಸುವುದಕ್ಕೆ ಬೇಕಾದದ್ದು ಒಂದು ಬಕೆಟ್ ಮತ್ತು ಒಂದು ಗಡಿಯಾರ. ಹತ್ತು ಲೀಟರಿನ ಬಕೆಟ್ ತುಂಬಲು ಐದು ಸಲ ಹಿಡಿದ ಸಮಯ 24.1, 25.3, 23.8, 24.6, 24.9 ಸೆಕೆಂಡು ಎಂದಿಟ್ಟುಕೊಳ್ಳಬಹುದು. ಸರಾಸರಿ 24.5 ಸೆಕೆಂಡು. ಐದು ಅಂಕಿಗಳ ಚೆದುರುವಿಕೆಯನ್ನು ನೋಡಿ ಲೆಕ್ಕ ಹಾಕಿದರೆ ಈ ಸರಾಸರಿಯಲ್ಲಿ ಸುಮಾರು 0.3 ಸೆಕೆಂಡಿನ, ಅಂದರೆ ಶೇಕಡಾ ಒಂದಕ್ಕಿಂತ ತುಸು ಹೆಚ್ಚಿನ ಅನಿಶ್ಚಿತತೆಯಿದೆ. ಬಕೆಟ್ಟಿನ ಗೆರೆ ನಿಜವಾಗಿ ಹತ್ತೇ ಲೀಟರಿಗೆ ಇದೆಯೇ? 0.2 ಲೀಟರ್ ಆಚೀಚೆ ಇರಬಹುದೆಂದರೆ ಅದು ಶೇಕಡಾ ಎರಡು. ಎರಡನ್ನೂ ಬೆರೆಸುವಾಗ ನೇರವಾಗಿ ಕೂಡುವುದಿಲ್ಲ. ಎರಡೂ ಒಂದೇ ಸಲ ಒಂದೇ ಕಡೆಗೆ ಪೂರ್ತಿಯಾಗಿ ವಾಲುವ ಸಂಭವ ಕಡಿಮೆಯಾದುದರಿಂದ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯುತ್ತಾರೆ. ಶೇಕಡಾ 2.3 ಬರುತ್ತದೆ. ಆದುದರಿಂದ ಒರತೆಯ ಹರಿವು ನಿಮಿಷಕ್ಕೆ 24.4 ಲೀಟರ್, ಅನಿಶ್ಚಿತತೆ ಆಚೆಗೀಚೆಗೆ 0.6 ಲೀಟರ್. ಕ್ಯಾಲ್ಕುಲೇಟರು 24.449878 ಎಂದು ತೋರಿಸುತ್ತದೆ. ಅದನ್ನೆಲ್ಲ ಬರೆದುಕೊಳ್ಳುವ ವಿದ್ಯಾರ್ಥಿ ಶ್ರದ್ಧಾವಂತನೆಂದು ಕಾಣುತ್ತಾನೆ, ಆದರೆ ತನಗೆ ಗೊತ್ತಿಲ್ಲದುದನ್ನು ಗೊತ್ತಿದೆ ಎಂದು ಬರೆಯುತ್ತಿದ್ದಾನೆ. ಸಾರ್ಥಕ ಅಂಕಿಗಳೆಂದರೆ ಅಳತೆ ನಿಜವಾಗಿ ಬಲ್ಲಷ್ಟು ಅಂಕಿಗಳು.

ಮರುವರ್ಷ ಅದೇ ತಿಂಗಳಲ್ಲಿ ಅದೇ ದಂಬೆಯಲ್ಲಿ ನಿಮಿಷಕ್ಕೆ 23.9 ಲೀಟರ್ ಬಂದರೆ ಒರತೆ ಬತ್ತುತ್ತಿದೆ ಎಂದು ಕರಪತ್ರ ಹಂಚಬಹುದೇ? ಸಲ್ಲದು. ಅರ್ಧ ಲೀಟರಿನ ಅಂತರ ಅನಿಶ್ಚಿತತೆಯ ಒಳಗೇ ಇದೆ. ಹದಿನೆಂಟು ಲೀಟರ್ ಬಂದರೆ ಧೈರ್ಯದಿಂದ ಹೇಳಬಹುದು. ಇಲ್ಲಿ ಒಂದು ಸೂಕ್ಷ್ಮವೂ ಇದೆ. ಎರಡೂ ವರ್ಷ ಅದೇ ಬಕೆಟ್ಟನ್ನೇ ಬಳಸಿದ್ದರೆ ಬಕೆಟ್ಟಿನ ದೋಷ ಎರಡು ಅಳತೆಗಳಲ್ಲೂ ಒಂದೇ ಆಗಿರುವುದರಿಂದ ಹೋಲಿಕೆಯಲ್ಲಿ ಅದು ಬಹುಪಾಲು ಕಳೆದುಹೋಗುತ್ತದೆ. ಉಳಿಯುವುದು ಸಮಯದ ದೋಷ ಮಾತ್ರ. ಹಳೆಯ ಬಕೆಟ್ಟನ್ನು ಗುಜರಿಗೆ ಹಾಕದೆ ಅಟ್ಟದಲ್ಲಿಟ್ಟುಕೊಳ್ಳುವುದರ ವೈಜ್ಞಾನಿಕ ಬೆಲೆ ಇಷ್ಟು.

ಅಡಿಕೆ, ಕಾಳುಮೆಣಸು ಬೆಳೆಯುವವರಿಗೆ ಇದು ಪಾಠದ ವಿಷಯವಾಗಿ ಉಳಿದಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿಲ್ಲುವುದು ಕೊಳೆರೋಗದಿಂದ ಉದುರಿದ ಕಾಯಿಗಳ ಮೇಲಲ್ಲ, ಪಂಚಾಯಿತಿ ಮಟ್ಟದ ಮಳೆಮಾಪಕ ಕಳುಹಿಸಿದ ಅಂಕಿಯ ಮೇಲೆ. ಈ ಸ್ವಯಂಚಾಲಿತ ಮಾಪಕಗಳಲ್ಲಿ ಸಾಮಾನ್ಯವಾಗಿ ತಕ್ಕಡಿಯಂತೆ ಓಲುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದಾಗ ಮಗುಚುತ್ತದೆ, ಯಂತ್ರ ಒಂದು ಎಣಿಸುತ್ತದೆ. ಮಗುಚುವ ಆ ಗಳಿಗೆಯಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಸೋನೆಮಳೆಯಲ್ಲಿ ಅದು ಗಣನೆಗೆ ಬಾರದ ನಷ್ಟ. ಸುರಿಮಳೆಯಲ್ಲಿ ಬಟ್ಟಲು ಬಿಡುವಿಲ್ಲದೆ ಮಗುಚುವುದರಿಂದ ನಷ್ಟ ಹೆಚ್ಚುತ್ತದೆ. ಎಲೆ, ಜೇಡರ ಬಲೆ, ಇರುವೆಗೂಡು ಸೇರಿ ಆಲಿಕೆಯ ತೂತು ಕಟ್ಟಿಕೊಂಡರಂತೂ ಹೇಳುವುದೇ ಬೇಡ. ಪರೀಕ್ಷೆ ಕಷ್ಟವಲ್ಲ. 200 ಚದರ ಸೆಂಟಿಮೀಟರ್ ಬಾಯಿಯ ಮಾಪಕಕ್ಕೆ ಅಳೆದ ಒಂದು ಲೀಟರ್ ನೀರನ್ನು ನಿಧಾನವಾಗಿ ಹನಿಸಿದರೆ ಅದು 50 ಮಿ.ಮೀ. ತೋರಿಸಬೇಕು. ಸಂಬಂಧಪಟ್ಟವರ ಅನುಮತಿಯಿಂದ, ಅವರ ಎದುರಿನಲ್ಲಿಯೇ ಇದನ್ನು ಮಾಡಿಸಿ ಮಹಜರು ಬರೆಸುವುದು ಒಳ್ಳೆಯದು. ಗುಟ್ಟಾಗಿ ಸುರಿದ ನೀರು ಊರಿನ ಮಳೆಯೆಂದು ದಾಖಲಾಗುತ್ತದೆ. ಪಕ್ಕದ ಶಾಲೆಯ ಮೈದಾನದಲ್ಲಿ ಒಂದು ಸಾದಾ ಮಾಪಕವಿದ್ದು ದಿನದಿನದ ದಾಖಲೆಯಿದ್ದರೆ ವಿವಾದ ಬಂದಾಗ ಹೋಲಿಸಲು ಎರಡನೆಯ ಸಾಕ್ಷಿ ಸಿಕ್ಕಂತಾಗುತ್ತದೆ.

ಒಂದು ಮಾಪಕದ ಮಾತು ಹೀಗಾದರೆ ಇಡೀ ಜಲಾನಯನದ ಮಾತೇನು? ಎತ್ತಿನಹೊಳೆ ಯೋಜನೆಯ ಅಂಕಿಗಳನ್ನು ವಿದ್ಯಾರ್ಥಿಗಳು ಒಂದು ಲೆಕ್ಕವಾಗಿಯೇ ಎತ್ತಿಕೊಳ್ಳಬಹುದು. ಸಕಲೇಶಪುರದ ಕಡೆಯ ಹಳ್ಳಗಳಿಂದ 24.01 ಟಿ.ಎಂ.ಸಿ. ನೀರು ದೊರೆಯುವುದೆಂದು ಯೋಜನೆ ಹೇಳಿತು. ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರ್. ಹಾಗಾದರೆ 24 ಟಿ.ಎಂ.ಸಿ. ಸುಮಾರು 68 ಕೋಟಿ ಘನ ಮೀಟರ್. ಜಲಾನಯನದ ವಿಸ್ತೀರ್ಣ ಸುಮಾರು 180 ಚದರ ಕಿಲೋಮೀಟರ್, ಅಂದರೆ 18 ಕೋಟಿ ಚದರ ಮೀಟರ್. ಭಾಗಿಸಿದರೆ ಬರುವುದು 3.78 ಮೀಟರ್. ಇಡೀ ಪ್ರದೇಶದ ಮೇಲೆ 3,780 ಮಿ.ಮೀ. ಆಳದ ನೀರು ಇಂಗದೆ, ಆರದೆ, ಕಾಡು ಕುಡಿಯದೆ ಹಳ್ಳಕ್ಕೆ ಬಂದು ಸೇರಬೇಕು. ಅಲ್ಲಿ ಬೀಳುವ ಮಳೆ ನಾಲ್ಕು ಸಾವಿರ ಮಿ.ಮೀ. ಎಂದು ಹಿಡಿದರೆ ನೂರರಲ್ಲಿ ತೊಂಬತ್ತನಾಲ್ಕು ಪಾಲು ಹರಿದುಬರಬೇಕಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ ಅಧ್ಯಯನ ಕಂಡುಕೊಂಡದ್ದು 9.55 ಟಿ.ಎಂ.ಸಿ.; ಆಳದ ಲೆಕ್ಕದಲ್ಲಿ ಸುಮಾರು 1,500 ಮಿ.ಮೀ.

ಎರಡೂ ಸಂಖ್ಯೆಗಳ ಕೊನೆಯ ದಶಮಾಂಶವನ್ನು ಗಮನಿಸಬೇಕು. 0.01 ಟಿ.ಎಂ.ಸಿ. ಎಂಬುದನ್ನು 180 ಚದರ ಕಿಲೋಮೀಟರಿಗೆ ಹರಡಿದರೆ ಆಳ ಒಂದೂವರೆ ಮಿಲಿಮೀಟರಿಗೆ ತುಸು ಹೆಚ್ಚು. ವರ್ಷವಿಡೀ ಸುರಿಯುವ ನಾಲ್ಕು ಸಾವಿರ ಮಿ.ಮೀ. ಮಳೆಯಲ್ಲಿ ಒಂದೂವರೆ ಮಿ.ಮೀ.ಯ ಮಟ್ಟಿಗೆ ಹರಿವು ಗೊತ್ತಿದೆ ಎಂದು ಹೇಳಬಲ್ಲ ಮಳೆಮಾಪಕ ಜಾಲ ಪಶ್ಚಿಮಘಟ್ಟದಲ್ಲಿ ಎಲ್ಲಿಯೂ ಇಲ್ಲ. ಯೋಜನೆಯ ಪರವಾದ ಸಂಖ್ಯೆಗೂ ವಿರೋಧಕ್ಕೆ ನೆರವಾಗುವ ಸಂಖ್ಯೆಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ. ಆದರೆ ಇಷ್ಟು ನಿಜ: ಮಳೆಯ ಅಂದಾಜಿನಲ್ಲಿ ಶೇಕಡಾ ಹತ್ತು, ಹರಿವಿನ ಅಂದಾಜಿನಲ್ಲಿ ಶೇಕಡಾ ಇಪ್ಪತ್ತು ಅನಿಶ್ಚಿತತೆಯಿದೆ ಎಂದು ಧಾರಾಳವಾಗಿ ಒಪ್ಪಿದರೂ ಒಂಬತ್ತೂವರೆ ಇಪ್ಪತ್ತನಾಲ್ಕಾಗುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆ ಸುಳ್ಳಲ್ಲ. ಆದುದರಿಂದಲೇ ಅಲ್ಲಿಯ ಜನರಿಗೂ ಈ ಭಾಗಾಕಾರ ತಿಳಿದಿರಬೇಕು. ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಹರಿದ ನೀರನ್ನು ಅಳೆದು, ಅಳತೆಯ ವಿಧಾನ ಮತ್ತು ಅನಿಶ್ಚಿತತೆಯ ಸಮೇತ ವರ್ಷವರ್ಷವೂ ಪ್ರಕಟಿಸಬೇಕೆಂದು ಕೇಳುವುದು ಯಾವ ಪಕ್ಷದವರಿಗೂ ಸಾಧ್ಯವಾಗಬೇಕಾದ ಬೇಡಿಕೆ.

ಶಾಲೆಯಲ್ಲಿ ಮಳೆಪುಸ್ತಕ ಇಡುವವರಿಗೆ ಕೆಲವು ಮಾತು. ಅಳೆಯುವ ಹೊತ್ತು ಬೆಳಿಗ್ಗೆ ಎಂಟೂವರೆ. ದೇಶದ ಎಲ್ಲ ಹವಾಮಾನ ಕೇಂದ್ರಗಳ ಪದ್ಧತಿ ಅದೇ. ಹಿಂದಿನ ಇಪ್ಪತ್ತನಾಲ್ಕು ಗಂಟೆಯ ಮಳೆಯನ್ನು ಅಳೆದ ದಿನದ ತಾರೀಖಿಗೇ ಬರೆಯುತ್ತಾರೆ. ಜನ ಅದನ್ನು "ನಿನ್ನೆಯ ಮಳೆ" ಎನ್ನುತ್ತಾರೆ. ತಾರೀಖಿನ ಜಗಳಗಳು ಹುಟ್ಟುವುದು ಇಲ್ಲಿಯೇ. ಪುಸ್ತಕದ ಮೊದಲ ಪುಟದಲ್ಲಿ ಮಾಪಕದ ಬಾಯಿಯ ವ್ಯಾಸ, ಇಟ್ಟ ಜಾಗ, ಹತ್ತಿರದ ಮರದ ದೂರ ಮತ್ತು ಬಳಸುವ ಏಕಮಾನ ಇರಲಿ. ಮಾಪಕದೊಳಗಿನ ಶೀಸೆ ನಾಲ್ಕು ಲೀಟರಿನದಾದರೆ 200 ಚದರ ಸೆಂಟಿಮೀಟರಿನ ಬಾಯಿಗೆ 200 ಮಿ.ಮೀ. ಮಳೆಗೇ ಅದು ತುಂಬುತ್ತದೆ. ಅಂಥ ದಿನ "200" ಎಂದು ಬರೆಯದೆ "200ಕ್ಕೂ ಹೆಚ್ಚು, ಶೀಸೆ ತುಂಬಿ ಚೆಲ್ಲಿತ್ತು" ಎಂದೇ ಬರೆಯಬೇಕು. ರಜೆಯಿಂದಲೋ ಜ್ವರದಿಂದಲೋ ಅಳೆಯದ ದಿನಕ್ಕೆ ಸೊನ್ನೆ ಹಾಕುವ ಅಭ್ಯಾಸ ಹಲವು ಕಡೆ ಇದೆ. ಸೊನ್ನೆಯೆಂದರೆ ನೋಡಲಾಯಿತು, ಮಳೆ ಇರಲಿಲ್ಲ ಎಂದು. ನೋಡದ ದಿನಕ್ಕೆ ಅಡ್ಡಗೆರೆ ಎಳೆದು, ಮರುದಿನ ಸಿಕ್ಕ ನೀರನ್ನು "ಎರಡು ದಿನದ ಮೊತ್ತ" ಎಂದು ಬರೆದು, ಅಳೆದವರ ಹೆಸರು ಹಾಕಿದರೆ ಸಾಕು.